ಎಂಟಿಲ್ಲದ ಗಾಡಿಗಳಿಗೆ ಮಾತ್ರ

ಹಲಸೂರಿನ ಗ್ಯಾರೇಜು ಸಾಲಿನ ಕೊನೆಯಲ್ಲಿ ಒಂದು ಹೊಂಗೆ ಮರ. ಅದರ ಕೆಳಗೆ ಅಮರಪ್ಪ ಆಟೋಗಳಿಗೆ ನಂಬರ್ ಬರೆಯುತ್ತಿದ್ದ. ಬರೆಯುತ್ತಿದ್ದ ಅಂದರೆ, ಅಂಕಿಯ ಅಂಚು ಎಳೆಯುತ್ತಿದ್ದ. ಒಳಗೆ ಕಪ್ಪು ತುಂಬುವವಳು ಹೆಂಡತಿ ಯಂಕಮ್ಮ. ಲಿಂಗಸುಗೂರು ಕಡೆಯಿಂದ ಬಂದು ರಾಮಮೂರ್ತಿ ನಗರದಲ್ಲಿ ಕೋಣೆ ಹಿಡಿದಾಗಿನಿಂದ ಹೀಗೇ ನಡೆದಿತ್ತು. ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಅಮರಪ್ಪನಿಗೆ ಕಾಮಾಲೆ ಆಯಿತು. ಎಲ್ಲರೂ ಹೇಳಿದ ಔಷಧ ಕುಡಿದ. ಸತ್ತ.

ಊರಲ್ಲಿ ದಿವಸ ಮುಗಿಸಿ ಬಂದ ಯಂಕಮ್ಮ ಮರದ ಕೆಳಗೆ ಹೋಗಿ ಕೂತಳು. ಬೇರೆ ಕೆಲಸ ಗೊತ್ತಿರಲಿಲ್ಲ. ಹಳೇ ತಗಡಿನ ಮೇಲೆ ಅಂಚು ಎಳೆಯುವುದನ್ನು ಕಲಿತಳು. ಒಂದು ಸುಲಭ. ಏಳೂ ಸುಲಭ. ಆ ಕಡೆಯ ಗಾಡಿಗಳ ಅಂಕಿಗಳೆಲ್ಲ ಸೊನ್ನೆ ಮೂರರಿಂದಲೇ ಶುರುವಾಗುವುದರಿಂದ ಸೊನ್ನೆ, ಮೂರು ಬರಲೇಬೇಕಿತ್ತು, ಬಂದವು. ಎಂಟು ಬರಲಿಲ್ಲ. ಮೇಲಿನ ಸುತ್ತು ಸರಿಯಾದರೆ ಕೆಳಗಿನದು ಹೊಟ್ಟೆ ಬಿಡುತ್ತಿತ್ತು. ಒಮ್ಮೆ ಗಿರಾಕಿಯ ಗಾಡಿಯ ಮೇಲೆ ಧೈರ್ಯ ಮಾಡಿ ಬರೆದಳು. ಅವನು ನೋಡಿ, "ಇದೇನಮ್ಮ, ಕಡ್ಲೆಕಾಯಾ?" ಅಂದ. ಅಲ್ಲಿಗೆ ಯಂಕಮ್ಮ ಎಂಟು ಬರೆಯುವುದನ್ನು ಬಿಟ್ಟಳು.

ಎಂಟಿದ್ದ ಗಾಡಿ ಬಂದರೆ, "ಎಂಟು ಬರ್ಯಂಗಿಲ್ರಿ, ಮುಂದ ಹೋಗ್ರಿ" ಅನ್ನುತ್ತಿದ್ದಳು. ಯಾಕೆ ಅಂತ ಹೇಳುತ್ತಿರಲಿಲ್ಲ. ಡ್ರೈವರುಗಳೇ ಕಾರಣ ಹುಡುಕಿಕೊಂಡರು. ಎಂಟು ಶನಿಯ ಅಂಕಿ, ಗಂಡ ಹೋದ ಮೇಲೆ ಈ ಅಕ್ಕ ಶನಿಯನ್ನು ಮುಟ್ಟುವುದಿಲ್ಲ ಅಂದರು. ಬಾಣಸವಾಡಿಯವನೊಬ್ಬ ಹೊಸ ಆಟೋದ ನಂಬರ್ ತೋರಿಸಿ, "ಅಕ್ಕಾ, ಇದು ನಂಗೆ ಆಗ್ಬರುತ್ತಾ?" ಅಂತ ಕೇಳಿದ. ಯಂಕಮ್ಮ ನೋಡಿದಳು. ಅದರಲ್ಲಿ ಎಂಟು ಇರಲಿಲ್ಲ.

"ಭಾಳ ಚಲೋ ಅದ" ಅಂದಳು. ಅವನು ಕಾಲಿಗೆ ಬಿದ್ದು ಹೋದ.

ಹೆದರಿಕೆಗೆ ಇಷ್ಟು ಮರ್ಯಾದೆ ಸಿಗುವಾಗ ಅದನ್ನು ಬಿಡುವ ಅವಸರ ಅವಳಿಗೆ ಇರಲಿಲ್ಲ. ಆದರೆ ಅಮರಪ್ಪ ಬರೆದ ಎಂಟು ರಸ್ತೆಯಲ್ಲಿ ಹೋದರೆ ಗುರುತು ಸಿಗುತ್ತಿತ್ತು. ಗುಂಡಗೆ, ನೆಟ್ಟಗೆ. ತಿರುವಿನಲ್ಲಿ ಮರೆಯಾಗುವ ತನಕ ನಿಂತು ನೋಡುತ್ತಿದ್ದಳು. ಆಮೇಲೆ ತನ್ನ ಕೈ ನೋಡಿಕೊಳ್ಳುತ್ತಿದ್ದಳು.

ಮರುವರ್ಷ ದಸರೆ ಹತ್ತಿರ ಬಂತು. ಆಯುಧಪೂಜೆಗೆ ಆಟೋದವರೆಲ್ಲ ನಂಬರ್ ಹೊಸದಾಗಿ ಬರೆಸುತ್ತಾರೆ. ವರ್ಷದ ದುಡಿಮೆ ಆ ವಾರದ್ದೇ. ಅಂಗಡಿ ಬೋರ್ಡು ಬರೆಯುವ ಜಟ್ಟೆಪ್ಪ ಬಂದ. ಅವಳ ಊರಿನವನೇ.

"ತಂಗೀ, ಎಂಟು ಬಿಟ್ಟು ಎಷ್ಟು ದಿನ ನಡಸ್ತಿ? ಅಮರಪ್ಪನ ಹೆಸರು ಕೆಡ್ತದ. ಜಾಗ ನನಗ ಬಿಡು. ಅಂಚು ನಾ ಎಳೀತೀನಿ, ನೀ ತುಂಬು. ಮೊದಲಿನಂಗ."

ಮೊದಲಿನಂಗ ಅನ್ನುವ ಮಾತು ಯಂಕಮ್ಮನಿಗೆ ಹಿಡಿಸಲಿಲ್ಲ. ಆದರೆ ಇಲ್ಲ ಅನ್ನಲು ಕೈಯಲ್ಲಿ ಎಂಟು ಇರಲಿಲ್ಲ.

"ಹಬ್ಬದ ತನಕ ನೋಡೂಣು ಅಣ್ಣಾ."

"ಹಬ್ಬದ ಹಿಂದಿನ ದಿನ ಬ್ರಷ್ ತಗೊಂಡೇ ಬರ್ತೀನಿ."

ಆ ದಿನ ಬೆಳಿಗ್ಗೆ ಮೊದಲು ಬಂದವನು ಆದಿನಾರಾಯಣ ಅನ್ನುವ ಆಟೋದವನು. ಕೈಯಲ್ಲಿ ಎರಡು ಪ್ಲೇಟು. ಒಂದು ಸೊಟ್ಟಗಾದ ಹಳೇದು, ಒಂದು ಹಳದಿ ಬಳಿದ ಹೊಸದು.

"ಹಿಂದ್ಗಡೆ ಲಾರಿಯವ್ನು ತಟ್ಬಿಟ್ಟ ಅಕ್ಕಾ. ಇದು ಅಣ್ಣನೇ ಬರ್ದಿದ್ದು. ಹಂಗೇ ಬರ್ಕೊಡಿ."

ಹಳೇ ಪ್ಲೇಟಿನಲ್ಲಿ ಎರಡು ಎಂಟು ಅಕ್ಕಪಕ್ಕ ಕೂತಿದ್ದವು.

"ಎಂಟು ಬರ್ಯಂಗಿಲ್ಲಪ್ಪ."

"ಶನಿ ವಿಷ್ಯ ಗೊತ್ತು ಅಕ್ಕಾ. ಅಣ್ಣ ಬರ್ದಾಗಿಂದ ನಂಗೇನೂ ಆಗಿಲ್ಲ."

"ಲಾರಿ ತಟ್ಟಿತಲ್ಲ?"

"ಅದು ಲಾರಿಯವ್ನ ಶನಿ."

ಯಂಕಮ್ಮ ಹಳೇ ಪ್ಲೇಟನ್ನು ಬಿಸಿಲಿಗೆ ಹಿಡಿದಳು. ಎಂಟುಗಳ ಸುತ್ತ ಹಳದಿ ಮಂಕಾಗಿತ್ತು, ಒರೆಸಿ ಒರೆಸಿ ಸವೆದ ಹಾಗೆ. ಬೇರೆ ಅಂಕಿಗಳ ಸುತ್ತ ಹಾಗಿರಲಿಲ್ಲ. ಕಪ್ಪು ತುಂಬುವಾಗ ಅವಳು ಹಳದಿಯ ಕಡೆ ನೋಡಿದವಳಲ್ಲ. ಎದುರಿಗೆ ಟೀ ಮಾರುವ ಇಮಾಮ್ ಬೀ ಹತ್ತಿರ ತಗೊಂಡು ಹೋದಳು. ಇಮಾಮ್ ಬೀ ಆ ರಸ್ತೆಯಲ್ಲಿ ನಡೆದದ್ದನ್ನೆಲ್ಲ ನೋಡಿದವಳು.

"ಅಕ್ಕಾ, ಇದ್ಯಾಕ ಹಿಂಗದ?"

"ಅದಾ? ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಎಂಟು ಬಂದ್ರೆ ಸಾಕು, ನಿನ್ ಗಂಡ ನಿನ್ನ ಟೀಗೆ ಕಳಿಸ್ತಿದ್ನಲ್ಲ?"

"ಹೌದು. ಅವನಿಗೆ ಚಾ ಭಾಳ ಬೇಕಾಗ್ತಿತ್ತು."

"ಎಲ್ಲಿ ಕುಡೀತಿದ್ದ? ಆರೋಗ್ತಿತ್ತು. ನೀನು ಇಲ್ಲಿ ನಿಂತಿರ್ತಿದ್ದೆ, ಬೆನ್ನು ಆ ಕಡೆ. ಅವ್ನು ಅಲ್ಲಿ ಬರೆಯೋನು, ಒರೆಸೋನು. ಬರೆಯೋನು, ಒರೆಸೋನು. ಖುದಾ ಕಸಂ, ನಾನು ಬೇಕಂತ್ಲೇ ಸಕ್ಕರೆ ನಿಧಾನ ಹಾಕ್ತಿದ್ದೆ."

ಯಂಕಮ್ಮ ಮರದ ಕೆಳಗೆ ವಾಪಸು ಬಂದಳು. ಗಂಡನ ಮೇಲೆ ಸಿಟ್ಟು ಬಂತು. ಅವನು ಸತ್ತ ಮೇಲೆ ಅಳು ಬಂದಿತ್ತು, ಸಿಟ್ಟು ಬಂದದ್ದು ಇದೇ ಮೊದಲು. ಹೇಳಿದ್ದರೆ ಏನಾಗುತ್ತಿತ್ತು? ಅವಳೂ ಪಕ್ಕದಲ್ಲಿ ಕೂತು ಒರೆಸುತ್ತಿದ್ದಳು.

ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ತೊಡೆಯ ಮೇಲೆ ಹಾಕಿಕೊಂಡಳು. ಹೊಸ ಪ್ಲೇಟು ಎತ್ತಿಕೊಂಡಳು.

"ನಾನು ಹಂಗೇ ಒಂದ್ ಟೀ ಕುಡ್ಕೊಂಡ್ ಬರ್ಲಾ ಅಕ್ಕಾ?" ಅಂದ ಆದಿನಾರಾಯಣ.

"ಬ್ಯಾಡ. ಇಲ್ಲೇ ನಿಂದ್ರು."

ಮೊದಲ ಎಂಟು ಹೊಟ್ಟೆ ಬಿಟ್ಟಿತು. ಒರೆಸಿದಳು. ಮತ್ತೊಂದು ಸೊರಗಿತು. ಒರೆಸಿದಳು. ಮತ್ತೆ ಬರೆದಳು. ಆದಿನಾರಾಯಣ ಸ್ವಲ್ಪ ಹೊತ್ತು ನಿಂತು, ಆಟೋ ಸೀಟಿನ ಮೇಲೆ ಹೋಗಿ ಕೂತ. ಬಿಸಿಲು ಏರಿತು. ಹಿಂದೆ ಗಾಡಿಗಳು ಸಾಲಾದವು. ಕೊನೆಗೆ ಎರಡು ಎಂಟು ಒರೆಸಿಕೊಳ್ಳದೆ ಉಳಿದವು. ಒಂದು ಇನ್ನೊಂದರ ಮೇಲೆ ವಾಲಿತ್ತು.

"ಅಕ್ಕಾ, ಇದು ಕುಡ್ದಂಗಿದೆ."

"ಓದಾಕ ಬರ್ತದಿಲ್ಲ?"

"ಬರುತ್ತೆ."

"ಏನಂತ?"

"ಎಂಟು ಅಂತ."

"ಮತ್ತ?"

ಆದಿನಾರಾಯಣ ಪ್ಲೇಟು ಒಣಗುವ ತನಕ ಕಾದು, ಕಟ್ಟಿಕೊಂಡು ಹೋದ. ಯಾವ ಲಾರಿಯೂ ತಟ್ಟಲಿಲ್ಲ, ಆ ರಸ್ತೆಯ ಕೊನೆಯ ತನಕವಂತೂ. ಯಂಕಮ್ಮ ನೋಡಿದಳು.

ಮಧ್ಯಾಹ್ನ ಜಟ್ಟೆಪ್ಪ ಬಂದ, ಬ್ರಷ್ ಡಬ್ಬಿ ಹಿಡಿದುಕೊಂಡು. ಅಷ್ಟರಲ್ಲಿ ಅವಳು ಮತ್ತೊಂದು ಗಾಡಿಯ ಎಂಟಿನಲ್ಲಿದ್ದಳು. ಅವನು ಬಗ್ಗಿ ನೋಡಿದ.

"ತಂಗೀ, ಇದು ಎಂಟೇನು?"

"ಎಂಟು ಅಣ್ಣಾ."

"ಅಮರಪ್ಪ ನೋಡಿದ್ರ ಏನಂತಿದ್ದ?"

"ಚಾ ತಗೊಂಬಾ ಅಂತಿದ್ದ."

ಜಟ್ಟೆಪ್ಪನಿಗೆ ಅರ್ಥವಾಗಲಿಲ್ಲ.

"ಜಾಗ ಬಿಡಂಗಿಲ್ಲಣ್ಣ. ಗಾಡಿ ಭಾಳ ನಿಂತಾವ. ಅಂಚು ನಾ ಎಳೀತೀನಿ, ಬೇಕಾದ್ರ ನೀ ತುಂಬು."

ಜಟ್ಟೆಪ್ಪ ಸಾಲನ್ನು ನೋಡಿದ, ಅವಳನ್ನು ನೋಡಿದ. ಬೀಡಿ ಹಚ್ಚಿ ಅರ್ಧಕ್ಕೇ ಆರಿಸಿದ. ಕೂತು ಕಪ್ಪು ಬಣ್ಣದ ಮುಚ್ಚಳ ತೆಗೆದ.

ಸಂಜೆ ಇಮಾಮ್ ಬೀ ಗ್ಲಾಸು ಎತ್ತಿಕೊಂಡು ಹೋಗಲು ಬಂದಳು. ಸೊಟ್ಟ ಪ್ಲೇಟು ಮರಕ್ಕೆ ಒರಗಿತ್ತು.

"ಇದು ನಂಗೆ ಕೊಡು. ಸ್ಟವ್‌ಗೆ ಗಾಳಿ ಹೊಡೀತೈತೆ, ಅಡ್ಡ ಇಡ್ತೀನಿ."

ಯಂಕಮ್ಮ ಸೆರಗಿನಿಂದ ಅದರ ಧೂಳು ಒರೆಸಿ ಕೊಟ್ಟಳು.

"ಅಂಕಿ ಒಳಮುಖ ಮಾಡಿ ಇಡಕ್ಕಾ."

"ಯಾಕೆ, ಶನಿನಾ?"

"ಯಾರರೆ ನೋಡಿದ್ರ ಅವನಿಗೆ ಆಗ್ತಿದ್ದಿಲ್ಲ."