ಅಜ್ಜಿಗೆ ಗುಟ್ಟು ಬೇಕಿರಲಿಲ್ಲ

“ನಿಮ್ಮ ಹೆಸರು ಎಲ್ಲೂ ಬರೂದಿಲ್ರಿ, ಹೆದರಬ್ಯಾಡ್ರಿ” ಎಂದು ನಾನು ಹೇಳಿದ್ದೇ ತಡ, ಕುರನೂರಿನಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜಿ ಕೆರಳಿದಳು. ಕುರಿಯವರಿಗೂ ಹೊಲದವರಿಗೂ ನಡೆಯುವ ಮೇವಿನ ಜಗಳವೇ ನನ್ನ ಪಿಎಚ್.ಡಿ. ವಿಷಯ. ಹೇಳಿದವರ ಹೆಸರು ಮುಚ್ಚಿಡುವುದು ಅದರ ನಿಯಮ.

“ಯಾಕ್ರೀ ಮ್ಯಾಡಮ್, ನಾ ಏನ್ ಕಳವು ಮಾಡೀನೇನು? ನಾ ಬೈದದ್ದು ಆ ಹೊಲದವಂಗ ಗೊತ್ತಾಗ್ಲಿಲ್ಲಂದ್ರ ಬೈದು ಏನ್ ಬಂತ್ರಿ?” ಎಂದವಳೇ ಬದುವಿನಾಚೆಯ ಹೊಲದವನನ್ನು ಕೂಗಿ ಕರೆದಳು. ಆತ ಬಂದು ಬೈಗುಳವನ್ನೆಲ್ಲ ಕೇಳಿಸಿಕೊಂಡು, ಟೋಪಿ ಸರಿಮಾಡಿಕೊಂಡು, “ನಂದೂ ಹೆಸರು ಹಾಕ್ರಿ, ಅಪ್ಪಂದು ಸೈತ” ಎಂದ.

ಪ್ರಬಂಧದಲ್ಲಿ ಇಬ್ಬರೂ ಬರೀ ‘ಮಾಹಿತಿದಾರರು’. ನನ್ನ ಗೈಡ್ ಕನ್ನಡ ಓದುವುದಿಲ್ಲ, ಹಾಗಾಗಿ ಇಲ್ಲಿ ಹೇಳಿಬಿಡುತ್ತೇನೆ: ಬೈದವಳು ಲಗಮವ್ವ, ಬೈಸಿಕೊಂಡವನು ಸಿದ್ದಪ್ಪನ ಮಗ ಮಲ್ಲಪ್ಪ.