ಒಂದೇ ನಂಬರಿನ ಇಬ್ಬರು

ಮಂಜಿರಿಬಾಯಿಗೆ ಬೆಳಿಗ್ಗೆ ಹತ್ತಕ್ಕೇ ದಣಿವಾಗಿರುತ್ತದೆ. ಊರಂಚಿನ ಚಿದ್ರಿಯ ಮನೆಯಲ್ಲಿ ಐದಕ್ಕೆ ಎದ್ದು, ಗಂಡನ ಮೊಣಕಾಲಿಗೆ ಎಣ್ಣೆ ತಿಕ್ಕಿ, ರೊಟ್ಟಿ ಬಡಿದು, ಮೂವರು ಕೂರುವ ಆಟೋದಲ್ಲಿ ಐದನೆಯವರಾಗಿ ಕೂತು ಆಫೀಸಿಗೆ ಬರುತ್ತಾರೆ. ಬಂದವರು ಮೊದಲು ಫ್ಯಾನು ಹಾಕಿ ಎರಡು ನಿಮಿಷ ಕಣ್ಣು ಮುಚ್ಚುತ್ತಾರೆ. ಆ ಎರಡು ನಿಮಿಷ ಅವರನ್ನು ಯಾರೂ ಮಾತಾಡಿಸುವುದಿಲ್ಲ.

ನಮ್ಮದು ಬೀದರಿನ ಸಣ್ಣದೊಂದು ಟ್ರಸ್ಟ್. ಶಾಲೆಯ ಮಕ್ಕಳ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಕೊಡಿಸುತ್ತೇವೆ. ಭಾಲ್ಕಿಯಲ್ಲೊಂದು, ಔರಾದದಲ್ಲೊಂದು ಒಂಟಿ ಕೋಣೆಯ ಶಾಖೆಗಳಿವೆ. ದೇಣಿಗೆ ಕೊಡುವವರ ಹೆಸರು, ಊರು, ಫೋನ್ ನಂಬರು ನೋಡಿಕೊಳ್ಳುವವರು ಮಂಜಿರಿಬಾಯಿ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ನಾನು ಸತೀಶಕುಮಾರ, ಲೆಕ್ಕದವನು. ನನ್ನ ಮೇಜು ಅವರ ಎದುರಿಗಿದೆ.

ಮೊದಲು ಅವರ ರಿಜಿಸ್ಟರು ಅವರಿಗೆ, ನನ್ನದು ನನಗೆ. ಅವರ ತಪ್ಪು ಅವರಲ್ಲೇ ಇರುತ್ತಿತ್ತು, ನನ್ನದು ನನ್ನಲ್ಲೇ. ಮೂರು ವರ್ಷದ ಹಿಂದೆ ಸಾಫ್ಟ್‌ವೇರ್ ಬಂತು. ದೇಣಿಗೆಗೂ ಲೆಕ್ಕಕ್ಕೂ ಒಂದೇ ಪಟ್ಟಿ. ಅವರು ಒಂದು ಹೆಸರು ತಿದ್ದಿದರೆ ನನ್ನ ಪರದೆಯಲ್ಲೂ ಬದಲಾಗುತ್ತದೆ, ನಾನು ತಿದ್ದಿದರೆ ಅವರಲ್ಲಿ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಸಾಯಗಾಂವದ ಶಿವರಾಜಪ್ಪನವರನ್ನು ಊರು ಕರೆಯುವ ಹಾಗೆ ಅವರು ಬರೆದಿಟ್ಟಿದ್ದರು. ಪ್ಯಾನ್ ಕಾರ್ಡಿನಲ್ಲಿ ಬರೀ ಶಿವರಾಜ ಎಂದಿದೆಯೆಂದು ನಾನು ಬಾಲ ಕತ್ತರಿಸಿದೆ. ಹಬ್ಬದ ಶುಭಾಶಯ ಪತ್ರ ಹಾಗೆಯೇ ಹೋಯಿತು. ಆ ಹಿರಿಯರು ಫೋನ್ ಮಾಡಿ, ತಮ್ಮ ಹೆಸರಿನೊಳಗಿನ ಅಪ್ಪನನ್ನು ಯಾರು ನುಂಗಿದರೆಂದು ಮಂಜಿರಿಬಾಯಿಯನ್ನು ಅರ್ಧ ಗಂಟೆ ವಿಚಾರಿಸಿಕೊಂಡರು. ನಾನು ನಕ್ಕೆ. ಅವರು ನಗಲಿಲ್ಲ, ಅಪ್ಪನನ್ನು ಮತ್ತೆ ಸೇರಿಸಿದರು.

ಕಳೆದ ಚಳಿಗಾಲದಲ್ಲಿ ಪಟ್ಟಿ ಸ್ವಚ್ಛ ಮಾಡಬೇಕೆಂದು ಆದೇಶ ಬಂತು. ಮೂರೂ ಆಫೀಸಿನವರು ತಮತಮಗೆ ತೋಚಿದಂತೆ ತುಂಬಿದ್ದರಿಂದ ಒಬ್ಬರೇ ಮೂರು ಕಡೆ ಮೂರು ಹೆಸರಲ್ಲಿ ಕೂತಿದ್ದರು. ಸಾಫ್ಟ್‌ವೇರ್ ತಾನೇ ಹುಡುಕಿ ಜೋಡಿ ತೋರಿಸುತ್ತದೆ: ಇವರಿಬ್ಬರ ಫೋನ್ ನಂಬರು ಒಂದೇ, ಆದ್ದರಿಂದ ಇವರು ಒಬ್ಬರೇ, ಕೂಡಿಸಲೇ ಎಂದು ಕೇಳುತ್ತದೆ. ಹೌದೆಂದರೆ ಎರಡು ದಾಖಲೆ ಒಂದಾಗುತ್ತವೆ. ಮತ್ತೆ ಬಿಡಿಸಲು ಬರುವುದಿಲ್ಲ. ಅಂಥ ಜೋಡಿಗಳು ಸಾವಿರದ ನಾನೂರು ಇದ್ದವು.

ಮಂಜಿರಿಬಾಯಿ ಮೊದಲ ದಿನವೇ ಹೇಳಿದ್ದರು. “ನಮ್ಮ ಕಡಿ ನಂಬರ ಮನುಷಾಂದಲ್ರಿ, ಮನೀದು. ಒಂದ ಫೋನಿನಾಗ ನಾಕು ಮಂದಿ ಇರ್ತಾರ.”

ಮಾತು ಸರಿ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೂ ತಲೆಯಾಡಿಸಿ ನನ್ನ ಲೆಕ್ಕಕ್ಕೆ ತಿರುಗಿದೆ. ಅವರು ಒಂದೊಂದು ಮನೆಗೂ ಫೋನ್ ಮಾಡಿ, ಇವರು ಯಾರು, ಅವರು ಯಾರು ಎಂದು ಕೇಳಿ ಕೂಡಿಸುತ್ತ ಹೋದರು. ಫೆಬ್ರವರಿ ಮುಗಿದರೂ ಮುನ್ನೂರು ದಾಟಲಿಲ್ಲ. ಮಾರ್ಚಿನಲ್ಲಿ ಲೆಕ್ಕ ಮುಗಿಸುವ ಅವಸರ ನನಗೆ. ಹೆಸರು ಹುಡುಕುತ್ತೀರೋ, ಸಂಬಂಧ ಕುದುರಿಸುತ್ತೀರೋ ಎಂದು ದಿನಾ ಚುಚ್ಚಿದೆ. ಅವರ ಕುತ್ತಿಗೆ ಹಿಡಿದಿತ್ತು, ಗಂಡನನ್ನು ಆಸ್ಪತ್ರೆಗೆ ಒಯ್ಯುವುದಿತ್ತು, ಕಣ್ಣಿನ ಟ್ರಸ್ಟಿನಲ್ಲಿದ್ದೂ ತಮ್ಮ ಕನ್ನಡಕ ಬದಲಿಸಲು ಅವರಿಗೆ ಪುರುಸೊತ್ತಿರಲಿಲ್ಲ. ಒಂದು ಮಧ್ಯಾಹ್ನ ಅವರು ಫೋನ್ ಮಾಡುವುದನ್ನು ಬಿಟ್ಟರು. ಟಪ್ ಟಪ್ ಎಂದು ಗುಂಡಿ ಒತ್ತುವ ಸದ್ದು ಮಾತ್ರ ಕೇಳಿಸಿತು. ನಾಲ್ಕು ದಿನದಲ್ಲಿ ಉಳಿದ ಸಾವಿರಕ್ಕೂ ಹೆಚ್ಚು ಜೋಡಿ ಮುಗಿದವು. ಆ ಸದ್ದು ನನಗೆ ಹಿತವಾಗಿಯೇ ಇತ್ತು.

ಜೂನ್ ಕೊನೆಯಲ್ಲಿ ಸಂತಪುರದಿಂದ ಕಸ್ತೂರಿಬಾಯಿ ಎಂಬವರು ಬಂದರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಪ್ರತಿ ವರ್ಷ ಒಂದು ಮಗುವಿನ ಕನ್ನಡಕದ ಹಣ ಔರಾದದ ಶಾಖೆಗೆ ಕಟ್ಟುವವರು, ತಮ್ಮ ಮಗಳು ಸೌಂದರ್ಯಾಳ ಹೆಸರಲ್ಲಿ. ಆ ಹುಡುಗಿ ನಮ್ಮದೇ ಕನ್ನಡಕ ಹಾಕಿಕೊಂಡು ಓದಿದವಳು. ಎಂಟು ವರ್ಷದ ಹಿಂದೆ, ಹದಿನೇಳನೇ ವಯಸ್ಸಿನಲ್ಲಿ ಡೆಂಗಿಯಿಂದ ತೀರಿಕೊಂಡಳು. ಹಣದ ರಸೀದಿ ತಾಯಿಗೆ, ಧನ್ಯವಾದದ ಕಾಗದ ಮಗಳ ಹೆಸರಿಗೆ ಎಂದು ಮಂಜಿರಿಬಾಯಿಯೇ ಅಂದು ಎರಡು ದಾಖಲೆ ಮಾಡಿಟ್ಟಿದ್ದರು. ಫೋನ್ ನಂಬರು ಒಂದೇ.

ಕಸ್ತೂರಿಬಾಯಿ ಚೀಲದಿಂದ ಈ ವರ್ಷದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಮೇಲೆ ಅವರದೇ ಹೆಸರಿತ್ತು.

“ಅಕಿ ಹೆಸರು ಯಾಕ ಕಟ್ ಮಾಡೀರಿ ಬಾಯಿ?” ಎಂದು ಕೇಳಿದರು.

ಮಂಜಿರಿಬಾಯಿ ಪರದೆಯಲ್ಲಿ ಹುಡುಕಿದರು. ಸೌಂದರ್ಯಾ ಎಲ್ಲಿಯೂ ಇರಲಿಲ್ಲ. ತಾಯಿಯ ದಾಖಲೆಯೊಳಗೆ ಸೇರಿಹೋಗಿದ್ದಳು.

“ರೇಷನ್ ಕಾರ್ಡಿನಾಗ ಕಟ್ ಮಾಡಿದ್ರು, ತಪ್ಪಿಲ್ಲ ಅಂದೆ. ಬ್ಯಾಂಕಿನಾಗ ಮಾಡಿದ್ರು, ಅದೂ ಖರೇ ಅದ,” ಎಂದರು ಕಸ್ತೂರಿಬಾಯಿ. ದನಿಯಲ್ಲಿ ಸಿಟ್ಟಿರಲಿಲ್ಲ. “ನಿಮ್ಮ ಕಾಗದ ಬಂದ ದಿನ ಪೋಸ್ಟಿನವ ಬಾಗಲಾಗ ನಿಂತು ಸೌಂದರ್ಯಾ ಅಂತ ಒದರ್ತಿದ್ದರಿ. ವರ್ಷಕ್ಕೊಮ್ಮಿ ಅಕಿನ್ನ ಯಾರರೆ ಕರೀತಿದ್ರು. ಈ ಸಲ ನನ್ನ ಹೆಸರು ಒದರ್ದ.”

ನನಗೆ ಎದ್ದು ಹೊರಗೆ ಹೋಗಬೇಕೆನ್ನಿಸಿತು. ಅವಸರ ನನ್ನದು, ಚುಚ್ಚಿದವನು ನಾನು. ಮಂಜಿರಿಬಾಯಿ ನನ್ನತ್ತ ತಿರುಗಿ ಅದನ್ನು ಹೇಳಿದ್ದರೂ ನಾನು ಒಪ್ಪಿಕೊಳ್ಳುತ್ತಿದ್ದೆ. ಅವರು ಹೇಳಲಿಲ್ಲ. ತಾವೇ ದಣಿದು ನೋಡದೆ ಒತ್ತಿದ್ದು, ತಪ್ಪು ತಮ್ಮದೇ ಎಂದು ಆ ತಾಯಿಗೆ ಹೇಳಿ, ಕುರ್ಚಿ ಹತ್ತಿರಕ್ಕೆ ಎಳೆದು ಕೂರಿಸಿಕೊಂಡರು. ಆ ಮಾತು ನನ್ನನ್ನು ಬೈದಿದ್ದಕ್ಕಿಂತ ಹೆಚ್ಚು ಸುಟ್ಟಿತು.

ಹಳೆಯ ದಾಖಲೆ ಬಿಡಿಸಲು ಬಾರದು; ಹೊಸದೊಂದು ತೆರೆದರು. ಹೆಸರು ಹೊಡೆದರು, ಊರು ಹೊಡೆದರು. ನಂಬರು ಹೊಡೆದ ಕೂಡಲೇ ಸಾಫ್ಟ್‌ವೇರ್ ತಡೆಯಿತು: ಈ ವ್ಯಕ್ತಿ ಆಗಲೇ ಇದ್ದಾರೆ. ಮಂಜಿರಿಬಾಯಿ ಅದನ್ನು ಅಳಿಸಿ ತಮ್ಮ ಸ್ವಂತ ನಂಬರು ಹಾಕಿದರು. ಅದು ನಿಯಮಕ್ಕೆ ವಿರುದ್ಧವೆಂದು ನಾನು ಹೇಳಬೇಕಿತ್ತು, ಹೇಳಲಿಲ್ಲ. ಮುಂದೆ ವಯಸ್ಸಿನ ಕಾಲಮು, ಖಾಲಿ ಬಿಟ್ಟರೆ ಮುಂದಕ್ಕೆ ಹೋಗಗೊಡದು. ಅವರ ಬೆರಳು ಅಲ್ಲಿಯೇ ನಿಂತಿತು. ಹದಿನೇಳೋ, ಸೊನ್ನೆಯೋ ಎಂದು ನಾನೂ ಯೋಚಿಸುತ್ತಿದ್ದೆ.

“ಏನಾತ್ರಿ?” ಎಂದರು ಕಸ್ತೂರಿಬಾಯಿ.

“ವಯಸ್ಸು ಕೇಳ್ತದರಿ,” ಎಂದರು ಮಂಜಿರಿಬಾಯಿ, ಮುಖ ಎತ್ತದೆ.

ಆ ತಾಯಿ ಬೆರಳು ಮಡಚಲಿಲ್ಲ, ಲೆಕ್ಕ ಹಾಕಲಿಲ್ಲ.

“ಇಪ್ಪತ್ತೈದು ಬರೀರಿ. ದೀಪಾವಳಿಗಿ ಇಪ್ಪತ್ತಾರು ಆಗ್ತಾವ.”

ಮಂಜಿರಿಬಾಯಿ ಇಪ್ಪತ್ತೈದು ಎಂದು ಹೊಡೆದರು. ನನ್ನ ಪರದೆಯಲ್ಲೂ ಸೌಂದರ್ಯಾ, ಸಂತಪುರ, ಇಪ್ಪತ್ತೈದು ಎಂದು ಬಂತು.