ಕೆನ್ನೆಯ ಮಾತಿಗೆ ಕಲ್ಲುಸಕ್ಕರೆ

ನಂಜನಗೂಡಿನ ಪೇಟೆಬೀದಿಯಲ್ಲಿ ನಾರುಬೇರು ಮಾರುವ ಗ್ರಂಧಿಗೆ ಅಂಗಡಿ ಇಟ್ಟಿದ್ದ ಗುರುಮಲ್ಲಪ್ಪನವರಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಕೆಮ್ಮಿಗೆಂದು ಹಿಪ್ಪಲಿ ಕೇಳಲು ಹೋದವರು ಮಠದ ಒಳಜಗಳ, ಸರ್ಕಾರದ ತಪ್ಪು, ತಮ್ಮದೇ ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕಿತ್ತು ಎಂಬುದನ್ನೆಲ್ಲ ಕೇಳಿಸಿಕೊಂಡು, ಕೆಲವೊಮ್ಮೆ ಹಿಪ್ಪಲಿಯನ್ನೇ ಮರೆತು ಬರುತ್ತಿದ್ದರು.

ಇಷ್ಟೆಲ್ಲ ವಿದ್ಯೆಗಳ ಪೈಕಿ ಅವರು ಎದೆಯುಬ್ಬಿಸಿ ಹೇಳುತ್ತಿದ್ದುದು ಒಂದನ್ನು: ಮೊಮ್ಮಗ ಅಮೃತೇಶನ ಭಾಷೆ ತಮಗೊಬ್ಬರಿಗೇ ಬರುತ್ತದೆ ಎಂಬುದನ್ನು. ಹುಟ್ಟುವಾಗ ಉಸಿರುಕಟ್ಟಿ ಮಿದುಳಿಗೆ ಪೆಟ್ಟಾಗಿದ್ದ ಆ ಹುಡುಗನಿಗೆ ಮಾತಿರಲಿಲ್ಲ, ಕೈಕಾಲು ಸೆಟೆದುಕೊಳ್ಳುತ್ತಿದ್ದವು. ಒಂಬತ್ತು ವರ್ಷದವನನ್ನು ತಾತ ದಿನವೂ ಎತ್ತಿಕೊಂಡು ಬಂದು, ಗಲ್ಲಾದ ಪಕ್ಕ ದಿಂಬಿಗೆ ಒರಗಿಸಿ ಕೂರಿಸುತ್ತಿದ್ದರು. ಇಂಥ ಮಕ್ಕಳನ್ನು ನಡುಮನೆಯಿಂದಾಚೆಗೆ ತರದವರೇ ಹೆಚ್ಚಿದ್ದ ಬೀದಿಯಲ್ಲಿ ಇದು ಸಣ್ಣ ಸಂಗತಿಯಲ್ಲ.

೨೦೦೩ರ ಬೇಸಿಗೆಯಲ್ಲಿ ಅಮೃತೇಶ ಎಡಗೆನ್ನೆಗೆ ಹೊಡೆದುಕೊಳ್ಳತೊಡಗಿದ. ಗುರುಮಲ್ಲಪ್ಪನವರು ಡಬ್ಬದಿಂದ ಒಂದು ಕಲ್ಲುಸಕ್ಕರೆ ತೆಗೆದು ಬಾಯಿಗಿಟ್ಟರು. ಚೀಪುತ್ತ ಸುಮ್ಮನಾದ. ಕರಗಿದ ಮೇಲೆ ಮತ್ತೆ ಹೊಡೆದುಕೊಂಡ.

"ನೋಡಿದ್ರಾ, ಇನ್ನೊಂದು ಬೇಕಂತೆ" ಎಂದು ತಾತ ಎದುರಿಗಿದ್ದ ಗಿರಾಕಿಗೆ ಅರ್ಥ ಬಿಡಿಸಿ ಹೇಳಿದರು.

ಆ ಅರ್ಥ ಬೀದಿಗೆಲ್ಲ ಹಬ್ಬಿತು. ದೇವರಂಥ ಮಗುವಿನ ಬಾಯಿಗೆ ಸಿಹಿ ಹಾಕಿದರೆ ಒಳ್ಳೆಯದಾಗುತ್ತದೆಂಬ ನಂಬಿಕೆಯೂ ಜೊತೆಗೂಡಿತು. ಎದುರಿನ ಕಾಫಿ ಹೋಟೆಲಿನ ಚಿಕ್ಕಮಾದುವಿನಿಂದ ಹಿಡಿದು ಹೂ ಮಾರುವ ಪಾಪಮ್ಮನವರೆಗೆ, ಹುಡುಗ ಕೆನ್ನೆ ಮುಟ್ಟಿದರೆ ಸಾಕು, ಎಲ್ಲರೂ ಒಂದು ಚೂರು ಹಾಕಿಯೇ ಮುಂದೆ ಹೋಗುತ್ತಿದ್ದರು.

"ಮಾವ, ಇವನು ಅನ್ನಾನೇ ತಿಂತಿಲ್ಲ" ಎಂದಳು ಸೊಸೆ ಪವಿತ್ರ. "ಹಲ್ಲುಜ್ಜಕ್ಕೆ ಹೋದ್ರೆ ಕಿರುಚ್ಕೊಳ್ತಾನೆ. ಬಾಯೊಳಗೇನೋ ಆಗೈತೆ."

"ಹೊಟ್ಟೆ ತುಂಬಿರ್ತದೆ ಕಣಮ್ಮ. ನೀನು ತಾಯಿ, ಒಪ್ಕೊಳ್ಳಣ. ಆದ್ರೆ ಅವನ ಭಾಷೆ ನಿಂಗೆ ಬರಕ್ಕಿಲ್ಲ."

ಪವಿತ್ರಳ ತವರು ಟಿ. ನರಸೀಪುರ. ಅಲ್ಲಿನ ಶಾಲೆಯೊಂದರಲ್ಲಿ ಶಿಬಿರ ಮಾಡಿ ಇಂಥ ಮಕ್ಕಳಿಗೆ ಹಲ್ಲು ನೋಡುತ್ತಾರೆಂದು ಅವಳ ಅಣ್ಣ ಫೋನು ಮಾಡಿದ. ಅವಳು ಯಾರನ್ನೂ ಕೇಳದೆ ಹೊರಟಳು. ಗುರುಮಲ್ಲಪ್ಪನವರೂ ಜರಿಪಂಚೆ ಉಟ್ಟು ಬಸ್ ಹತ್ತಿದರು. ಡಾಕ್ಟರಿಗೆ ಹುಡುಗನ ಮಾತು ತಿಳಿಸಿ ಹೇಳಲು ಒಬ್ಬರು ಬೇಡವೇ?

ಶಾಲೆಯ ಬೆಂಚಿನ ಮೇಲೆ ಹುಡುಗನನ್ನು ಮಲಗಿಸಿ, ತಾತನ ತೊಡೆಯ ಮೇಲೆ ತಲೆ ಇರಿಸಿ, ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿದರು.

"ಕೆನ್ನೆ ಹೊಡ್ಕೊಳ್ತಾನಾ?"

ಗುರುಮಲ್ಲಪ್ಪನವರ ಮುಖ ಅರಳಿತು. "ಅದು ಹೊಡ್ಕೊಳ್ಳೋದಲ್ಲ ಡಾಕ್ಟ್ರಮ್ಮ, ಕೇಳೋದು. ಕಲ್ಲುಸಕ್ರೆ ಕೇಳ್ತಾನೆ. ನಾನು ಕೊಡ್ತೀನಿ."

ಡಾಕ್ಟರಮ್ಮ ಟಾರ್ಚನ್ನು ಅವರ ಕೈಗೇ ಕೊಟ್ಟರು. "ಬಗ್ಗಿ ನೋಡಿ ಯಜಮಾನ್ರೇ."

ಎಡಗಡೆ ದವಡೆಯಲ್ಲಿ ಹಲ್ಲಿರಬೇಕಾದ ಕಡೆ ಕರಿಗುಳಿಗಳಿದ್ದವು. ಒಸಡು ಬಾತು ಕೀವು ತುಂಬಿತ್ತು.

"ಈ ನೋವು ನಿಮಗೆ ಬಂದಿದ್ರೆ ರಾತ್ರಿಯೆಲ್ಲ ಊರು ಎಬ್ಬಿಸ್ತಿದ್ರಿ. ಇವನಿಗೆ ಬಾಯಿಲ್ಲ, ಜಾಗ ತೋರಿಸಿದಾನೆ."

"ಬಿದ್ದೋದ್ರೆ ಬೇರೆ ಬರ್ತವಲ್ಲ ತಾಯಿ?"

"ಹಿಂದಿನವೆರಡು ಹಾಲುಹಲ್ಲಲ್ಲ. ಅವು ಮತ್ತೆ ಬರಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಅಮೃತೇಶ ಮತ್ತೆ ಕೆನ್ನೆಗೆ ಹೊಡೆದುಕೊಂಡ. ಗುರುಮಲ್ಲಪ್ಪನವರು ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಪವಿತ್ರ ಒಂದು ಮಾತು ಆಡಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದರೇನೋ. ಅವಳು ಸೆರಗಿನಿಂದ ಮಗನ ಬಾಯಿ ಒರೆಸಿದಳು.

ಮೈಸೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿಸಿ ಹಲ್ಲು ಕಿತ್ತರು. ಊರಿಗೆ ಬಂದ ಗುರುಮಲ್ಲಪ್ಪನವರು ಅಂಗಡಿ ಅಂಗಡಿಗೂ ಹೋಗಿ, ಹುಡುಗನಿಗೆ ಏನೂ ಕೊಡಬೇಡಿ ಎಂದು ಹೇಳಿದರು.

"ಕೊಡಿ ಅಂದೋರು ನೀವೇ ಅಲ್ವಾ ಸ್ವಾಮಿ?" ಎಂದ ಚಿಕ್ಕಮಾದು.

"ನಾನೇ ಕಣಯ್ಯ. ನಂಗೆ ಗೊತ್ತಿರ್ನಿಲ್ಲ."

ಆ ಬಾಯಿಂದ ಅಂಥ ಮಾತು ಬಂದದ್ದಕ್ಕೆ ಚಿಕ್ಕಮಾದು ಕಾಫಿ ಸೋಸುವುದನ್ನೇ ನಿಲ್ಲಿಸಿದ.

ಉಳಿದ ಹಲ್ಲುಗಳನ್ನು ದಿನಕ್ಕೆರಡು ಸಲ ಉಜ್ಜಬೇಕೆಂದು ಡಾಕ್ಟರು ಹೇಳಿದ್ದರು. ಹುಡುಗ ತಾಯಿಗೆ ಬಾಯಿ ತೆಗೆಯಲಿಲ್ಲ, ತಂದೆಗೂ ತೆಗೆಯಲಿಲ್ಲ. ತಾತ ಎದುರು ಬಂದರೆ ಮಾತ್ರ, ಏನೋ ಸಿಗುತ್ತದೆಂದು, ಅಗಲವಾಗಿ ತೆರೆಯುತ್ತಿದ್ದ.

"ಇನ್ಮೇಲೆ ನೀವೇ ಉಜ್ಜಿ ಮಾವ" ಎಂದು ಪವಿತ್ರ ಬ್ರಶ್ಶನ್ನು ಅವರ ಕೈಗಿಟ್ಟು ಒಳಗೆ ಹೋದಳು.

ಹಾಗೆ ತೆರೆದ ಬಾಯಿಗೆ ಬ್ರಶ್ಶು ಹಾಕುವುದು ಗುರುಮಲ್ಲಪ್ಪನವರಿಗೆ ಸುಲಭವಾಗಲಿಲ್ಲ. ಮೋಸ ಹೋದವನಂತೆ ಹುಡುಗ ನೋಡುತ್ತಿದ್ದ. ಇವರು ಅವನ ಕಣ್ಣು ತಪ್ಪಿಸಿ ಹಲ್ಲನ್ನಷ್ಟೇ ನೋಡುತ್ತ ಉಜ್ಜುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡು ಅಂಗಡಿಗೆ ಬಂದರು.

"ಬೆರಳಿಗೇನಾಯ್ತು ಸ್ವಾಮಿ?" ಎಂದು ಚಿಕ್ಕಮಾದು ಕೇಳಿದ.

"ಕಚ್ದ" ಎಂದರು ಗುರುಮಲ್ಲಪ್ಪನವರು, ತಕ್ಕಡಿಯಿಂದ ತಲೆಯೆತ್ತದೆ. "ಕಚ್ಚಕ್ಕಾದ್ರೂ ಒಂದಷ್ಟು ಹಲ್ಲು ಉಳ್ಕೊಂಡವೆ."